ಪಂಚಮಿಗೆ ಕಟ್ಟಿ ಕೊಟ್ಟ ರೊಟ್ಟಿ

ಬೆಟಗೇರಿಯ ಆ ಓಣಿಗೆ ಬಂದು ಶಿವರಂಜನಿಯ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಿದ್ದರು. ರೊಟ್ಟಿ ಸುಮಿತ್ರವ್ವನ ಮನೆ ಎಂದರೆ ಮಾತ್ರ ಆಡುವ ಕೂಸುಗಳೂ ಬೆರಳು ಮಾಡಿ ತೋರಿಸುತ್ತಿದ್ದವು. ಬೆಳಕು ಹರಿಯುವ ಹೊತ್ತಿಗೆ ಆ ಮನೆಯ ಹಿತ್ತಲಿನಿಂದ ಟಪಟಪ ಸದ್ದು ಏಳುತ್ತಿತ್ತು. ಸುಮಿತ್ರವ್ವ ಕುದಿಯುವ ನೀರು ಹಾಕಿ ಜೋಳದ ಹಿಟ್ಟು ನಾದುವುದು, ಮಗಳು ಶಿವರಂಜನಿ ಬಡಿಯುವುದು, ಪಕ್ಕದ ಮನೆಯ ಜನ್ನತಬಿ ಒಲೆಯ ಮುಂದೆ ಕೂತು ಬೇಯಿಸುವುದು. ಅಜ್ಜಿ ಕರಿಯವ್ವ ಬಾಗಿಲಲ್ಲಿ ಕಾಲು ಚಾಚಿ ಕೂತು, ಆರಿದ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿಡುತ್ತ, ನಿದ್ದೆಗಣ್ಣಿನ ಮೊಮ್ಮಗಳು ತೂಕಡಿಸದಿರಲೆಂದು ಕತೆ ಹೇಳುವುದು. ಏಳೂವರೆಗೆ ಅಪ್ಪ ನಿಜಲಿಂಗಪ್ಪ ರೊಟ್ಟಿಯ ಬುಟ್ಟಿಗಳನ್ನು ತನ್ನ ಟಂಟಂ ಆಟೋದಲ್ಲಿಟ್ಟುಕೊಂಡು ಗದಗಿನ ಖಾನಾವಳಿಗಳಿಗೆ ಮುಟ್ಟಿಸಿ, ಆಮೇಲೆ ಬಸ್ ಸ್ಟ್ಯಾಂಡಿನ ಮುಂದೆ ಸವಾರಿಗಾಗಿ ಪಾಳಿ ಹಚ್ಚುತ್ತಿದ್ದ.

ಕರಿಯವ್ವನ ಕತೆಗಳಲ್ಲಿ ಕೊನೆಗೆ ಯಾರೋ ಒಬ್ಬರು ಪ್ರತ್ಯಕ್ಷರಾಗಿ, ಏನು ಬೇಕು ಕೇಳು ಮಗಳೇ ಎನ್ನುತ್ತಿದ್ದರು. ಮಗಳು ಥಟ್ಟನೆ ಕೇಳಿಬಿಡುತ್ತಿದ್ದಳು. ಒಬ್ಬಳು ಸತ್ತ ಗಂಡನನ್ನು, ಒಬ್ಬಳು ಕಳೆದ ರಾಜ್ಯವನ್ನು, ಮತ್ತೊಬ್ಬಳು ಏಳು ಅಂತಸ್ತಿನ ಮಾಳಿಗೆಯನ್ನು. ಏನು ಬೇಕೆಂದು ಗೊತ್ತಿಲ್ಲದ ಹುಡುಗಿ ಯಾವ ಕತೆಯಲ್ಲೂ ಇರಲಿಲ್ಲ. ಶಿವಿ ಒಮ್ಮೆ ಅದನ್ನೇ ಕೇಳಿದ್ದಳು. ಅಂಥಾಕಿಯ ಕತಿ ಯಾರು ಹೇಳ್ತಾರ, ಅಲ್ಲೇ ನಿಂತುಬಿಡತೈತಿ ಎಂದು ಅಜ್ಜಿ ನಕ್ಕಿದ್ದಳು.

ಕಾರಹುಣ್ಣಿಮೆ ಕಳೆದ ಮೂರನೆಯ ದಿನ ಮುಂಡರಗಿಯಿಂದ ಗಂಡಿನವರು ಬಂದರು. ಹುಡುಗ ಮೌನೇಶ, ಇಪ್ಪತ್ತೈದರವನು. ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಜೊತೆಗೆ ತಾಯಿ ಭಾಗ್ಯವ್ವ. ಶಿವಿಯ ಪಿಯುಸಿ ಮುಗಿದಿತ್ತು, ಗದಗಿನ ಹತ್ತಿರದ ನಾಗಾವಿಯ ಕಾಲೇಜಿನಲ್ಲಿ ಪದವಿಗೆ ಹೆಸರೂ ಹಚ್ಚಿಯಾಗಿತ್ತು. ಹದಿನೆಂಟು ತುಂಬುವುದು ದೀಪಾವಳಿಗೆ. ಭಾಗ್ಯವ್ವ ಅದನ್ನೆಲ್ಲ ಕೇಳಿಕೊಂಡಳು. ಹದಿನೆಂಟು ತುಂಬಲಿ, ಆಮೇಲೇ ಅಕ್ಕಿಕಾಳು ಬೀಳಲಿ, ಓದಬೇಕೆಂದರೆ ನಮ್ಮೂರಲ್ಲೂ ಕಾಲೇಜು ಐತಿ ಎಂದಳು. ಒಳ್ಳೆಯ ಮಾತೇ. ಆದರೆ ಮಾತಾಡುವಾಗೆಲ್ಲ ಅವಳ ಕಣ್ಣು ಶಿವಿಯ ಮುಖದ ಮೇಲೆ ನಿಲ್ಲಲಿಲ್ಲ, ಕೈಗಳ ಮೇಲೆಯೇ ನಿಂತಿತ್ತು. ಊಟಕ್ಕೆ ಬಡಿಸಿದಾಗ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಮಗನ ಕಡೆ ತಿರುಗಿ, "ಇದರಾಗಿಂದ ಹಾಯ್ದು ಬಿಸಲು ಕಾಣತೈತಿ ನೋಡೋ," ಎಂದಳು.

ಮೌನೇಶ ನಾಚಿ, "ಮೊದಲ ತಿನ್ನಾಕ ಕೊಡವ್ವಾ, ಆಮ್ಯಾಲೆ ಬಿಸಲು ನೋಡು," ಎಂದ. ಶಿವಿಗೆ ನಗು ಬಂತು. ಅವನು ಅದನ್ನು ನೋಡಿದ.

ಗಂಡಿನವರು ಹೋದ ಮೇಲೆ ಮನೆಯಲ್ಲಿ ಅದೇ ಮಾತಾಯಿತು. ಸುಮಿತ್ರವ್ವನಿಗೆ ಆ ಮನೆ ಒಪ್ಪಿಗೆಯಾಗಿತ್ತು. ನಿಜಲಿಂಗಪ್ಪ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವನ ಟಂಟಂನಲ್ಲಿ ದಿನಾ ಕಾಲೇಜಿನ ಹುಡುಗಿಯರು ಕೂರುತ್ತಿದ್ದರು. ಒಬ್ಬಳು ನರ್ಸ್ ಆಗುವವಳು, ಒಬ್ಬಳು ಬ್ಯಾಂಕಿನ ಪರೀಕ್ಷೆಗೆ ಓದುವವಳು. ಮಗಳೂ ಹಾಗೆ ಏನೋ ಒಂದು ಆಗುವವಳಿದ್ದರೆ ತಾನು ಅಡ್ಡ ಬರಬಾರದು ಎಂದು ಅವನಿಗೆ ಇತ್ತು. ಊಟಕ್ಕೆ ಕೂತಾಗ ತಾಟನ್ನು ಸರಿಸಿ ಕೇಳಿಯೇಬಿಟ್ಟ.

"ನೀ ಏನ ಆಗಾಕಿ ಅದನ್ನ ಹೇಳು. ಒಂದ ಮಾತು ಹೇಳು ಸಾಕು. ಈಗಿಂದೀಗ ಫೋನ್ ಹಚ್ಚಿ ಬ್ಯಾಡ ಅಂತೀನಿ."

ಶಿವಿ ತಾಟಿನಲ್ಲಿದ್ದ ಬೇಳೆಯನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು.

"ಗೊತ್ತಿಲ್ಲಪ್ಪ."

"ಗೊತ್ತಿಲ್ಲ ಅಂದ್ರ?"

"ಅದನ್ನ ಅಕಿ ಹೇಳಾಕತ್ತಾಳಲ್ರಿ, ಏನೂ ಇಲ್ಲಂತ," ಎಂದು ಸುಮಿತ್ರವ್ವ ಸಾರು ಹಾಕಿದಳು. "ಏನಾರ ಇದ್ದಾಕಿ ಇಷ್ಟೊತ್ತಿಗೆ ನಮ್ಮ ಕಿವಿ ಕಿತ್ತು ತಿಂತಿದ್ಲು."

ಮರುದಿನ ಒಲೆಯ ಮುಂದೆ ಜನ್ನತಬಿ ಶಿವಿಗೆ ಉಪಾಯ ಹೇಳಿದಳು. ಟೀಚರ್ ಆಗ್ತೀನಿ ಅಂದುಬಿಡು, ಗಂಡಸರಿಗೆ ಅಷ್ಟು ಸಾಕಾಗತೈತಿ, ಯಾರೂ ಕೆದಕಿ ಕೇಳೋದಿಲ್ಲ ಎಂದಳು. ಶಿವಿ ಅಂದು ಮಧ್ಯಾಹ್ನ ಊಟಕ್ಕೆ ಬಂದ ಅಪ್ಪನಿಗೆ ಹಾಗೆಯೇ ಹೇಳಿದಳು. ನಿಜಲಿಂಗಪ್ಪನ ಮುಖ ಅರಳಿದ್ದನ್ನು ನೋಡಬೇಕಿತ್ತು. ಎರಡು ದಿನ ಟಂಟಂ ಹತ್ತಿದವರಿಗೆಲ್ಲ ಅದನ್ನೇ ಹೇಳಿದ. ಮೂರನೆಯ ದಿನ ಯಾರೋ ಮಾಸ್ತರರನ್ನು ಕೇಳಿ, ಟೀಚರ್ ಆಗಲು ಯಾವ ಯಾವ ಪರೀಕ್ಷೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡು, ಅದನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದ. ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಶಿವಿ ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಅಪ್ಪನ ಕೈಗೇ ಕೊಟ್ಟು, ಸುಳ್ಳು ಹೇಳಿದೆ ಎಂದಳು.

ಅವನು ಬೈಯಲಿಲ್ಲ. ಹಾಳೆಯನ್ನು ಮತ್ತೆ ಅದೇ ಮಡಿಕೆಗೆ ಮಡಿಚಿದ. ಹೆಂಡತಿಗೆ ಮಾತ್ರ, ಇನ್ನು ನೀವು ಹೆಂಗಸರು ಏನು ಮಾಡ್ತೀರೋ ಮಾಡ್ರಿ ಎಂದು ಹೇಳಿ, ಟಂಟಂ ತೊಳೆಯಲು ಹೊರಗೆ ಹೋದ.

ಆಷಾಢ ಹಾಗೆಯೇ ಕಳೆಯಿತು. ಆಷಾಢದಲ್ಲಿ ಯಾರೂ ಮದುವೆಯ ಮಾತು ಮುಂದುವರಿಸುವುದಿಲ್ಲವಾದ್ದರಿಂದ ಶಿವಿಗೆ ಒಂದು ತಿಂಗಳು ಪುಕ್ಕಟೆ ಸಿಕ್ಕಂತಾಯಿತು. ಅಪ್ಪನ ಜೊತೆ ರೊಟ್ಟಿ ಕೊಡಲು ಹೋದಾಗೆಲ್ಲ ಅವಳು ಗದಗಿನ ಬೀದಿಯ ಹೆಂಗಸರನ್ನು ನೋಡುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕನ್ನಡಕ ಏರಿಸಿ ಚೀಟಿ ಓದುವವಳು, ಫೋಟೋ ಸ್ಟುಡಿಯೋದಲ್ಲಿ ಕೂಸುಗಳನ್ನು ನಗಿಸುವವಳು, ಖಾಕಿ ಹಾಕಿಕೊಂಡು ಬಸ್ಸಿನ ಬಾಗಿಲಲ್ಲಿ ಸೀಟಿ ಊದುವವಳು. ಒಬ್ಬೊಬ್ಬರ ಒಳಗೂ ತಾನು ಹೋಗಿ ಕೂತು ನೋಡುವಳು. ಅಂಗಿ ಹಾಕಿ ನೋಡಿದ ಹಾಗೆ, ಕೆಲವು ಬಿಗಿ, ಕೆಲವು ಸಡಿಲ. ಒಮ್ಮೆ ಧೈರ್ಯ ಮಾಡಿ ಕಂಡಕ್ಟರ್ ಅಕ್ಕನನ್ನು, ನಿಮಗೆ ಇದೇ ಆಗಬೇಕಂತ ಹ್ಯಾಂಗ ತಿಳೀತ್ರಿ ಎಂದು ಕೇಳಿದಳು. ಅವಳು ಚಿಲ್ಲರೆ ಎಣಿಸುತ್ತಲೇ, "ತಿಳಿಯೋದೇನ ಬಂತವ್ವಾ. ಅರ್ಜಿ ಕರದಿದ್ರು, ಹಾಕಿದೆ. ಸೀಟಿ ಊದಿದ ಮ್ಯಾಲೆ ಗೊತ್ತಾತು," ಎಂದಳು.

ಆ ಮಾತನ್ನು ಶಿವಿ ಬಹಳ ದಿನ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದಳು.

ಒಂದೆರಡು ಸಲ ಮೌನೇಶನೂ ಫೋನ್ ಮಾಡಿದ್ದ. ಸುಮಿತ್ರವ್ವನೇ ಫೋನನ್ನು ಮಗಳ ಕೈಗಿತ್ತು ಹಿತ್ತಲಿಗೆ ಹೋಗುತ್ತಿದ್ದಳು. ಕಪ್ಪತಗುಡ್ಡದ ಕಡೆಯಿಂದ ಮೋಡ ಎದ್ದಿದೆ, ರೈತರು ಅಂಗಡಿಯ ಮುಂದೆ ನಿಂತಿದ್ದಾರೆ ಎಂದು ಅವನು ಹೇಳುತ್ತಿದ್ದ. ಅವನ ಮಾತಿನಲ್ಲಿ ಜಂಬವಿರಲಿಲ್ಲ. ಫೋನ್ ಇಟ್ಟ ಮೇಲೂ ಆ ದನಿ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಉಳಿಯುತ್ತಿತ್ತು. ಅವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಶಿವಿಗೆ ಅನಿಸುತ್ತಿತ್ತು.

ಶ್ರಾವಣ ಬಂತು, ರೊಟ್ಟಿ ಪಂಚಮಿ ಬಂತು. ನಾಗಪ್ಪನಿಗೆ ಹಾಲೆರೆಯುವ ಮೊದಲಿನ ಆ ದಿನ ಸುಮಿತ್ರವ್ವನ ಮನೆಯಲ್ಲಿ ಮಾರುವ ರೊಟ್ಟಿ ಇಲ್ಲ, ಹಂಚುವ ರೊಟ್ಟಿ ಮಾತ್ರ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಮಡಿಕೆಕಾಳು, ಪುಂಡಿಪಲ್ಯ, ಗುರೆಳ್ಳಿನ ಹಿಂಡಿ. ಓಣಿಯ ಒಂದೊಂದು ಮನೆಯಿಂದಲೂ ಅರಿವೆಯ ಗಂಟು ಬರುತ್ತದೆ. ಬಂದದ್ದನ್ನು ಬಿಚ್ಚಿ ಒಳಗಿಡಬೇಕು, ಅದೇ ಅರಿವೆಯಲ್ಲಿ ತಮ್ಮ ಮನೆಯ ರೊಟ್ಟಿ ಕಟ್ಟಿ ಕಳಿಸಬೇಕು. ಅರಿವೆ ಬರಿದಾಗಿ ಹೋಗಬಾರದು.

ಮಧ್ಯಾಹ್ನ ಸುಮಿತ್ರವ್ವ, ಜನ್ನತಬಿ ಇಬ್ಬರೂ ರೊಟ್ಟಿ ಬೀರಲು ಹೋಗಿದ್ದರು. ಕರಿಯವ್ವ ಓಣಿಯ ತುದಿಯಲ್ಲಿ ಜೋಕಾಲಿ ಕಟ್ಟಿದ್ದಾರೆಂದು ನೋಡಲು ಹೋಗಿದ್ದಳು. ಮನೆಯಲ್ಲಿ ಶಿವಿ ಒಬ್ಬಳೇ. ಬೆಳಗಿನಿಂದ ಇಪ್ಪತ್ತು ಗಂಟು ಬಿಚ್ಚಿ ಇಪ್ಪತ್ತು ಕಟ್ಟಿದ್ದಳು. ಇಪ್ಪತ್ತೊಂದನೆಯದನ್ನು ಹಿಡಿದು ನಡುವಯಸ್ಸಿನವನೊಬ್ಬ ಬಾಗಿಲಲ್ಲಿ ನಿಂತ. ಮುಂಡರಗಿಯಿಂದ ಬಂದೀನ್ರಿ, ಹೊಳೆಯಪ್ಪ ಅಂತ ನನ್ನ ಹೆಸರು, ಮೌನೇಶಣ್ಣನ ಅಂಗಡ್ಯಾಗ ಹಮಾಲಿ ಮಾಡ್ತೀನಿ, ಭಾಗ್ಯವ್ವಾರು ಕಳಿಸ್ಯಾರ ಎಂದ. ಶಿವಿ ಕುಂಡ್ರಿ ಎಂದು ನೀರು ಕೊಟ್ಟಳು. ಗಂಟು ಬಿಚ್ಚಿದಳು. ಕೈ ತನ್ನ ಪಾಡಿಗೆ ತಾನು ಹತ್ತು ರೊಟ್ಟಿ ಎಣಿಸಿತು, ಪಲ್ಯದ ಡಬ್ಬಿ ತುಂಬಿತು, ಅದೇ ಅರಿವೆಯ ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿತು. ಹೊಳೆಯಪ್ಪ ಆ ಗಂಟನ್ನು ಒಂದು ಗಳಿಗೆ ನೋಡಿದ, ಅವಳ ಮುಖ ನೋಡಿದ. "ಹಂಗಾರ ಇದನ್ನ ಒಯ್ಯಲೇನವ್ವಾ?" ಎಂದು ಕೇಳಿದ. ಒಯ್ರಿ ಎಂದಳು.

ಸಂಜೆ ಮುಂಡರಗಿಯಿಂದ ಭಾಗ್ಯವ್ವನ ಫೋನ್ ಬಂತು. ಸುಮಿತ್ರವ್ವ ಕೇಳುತ್ತ ಕೇಳುತ್ತ ಗೋಡೆಗೆ ಒರಗಿದಳು, ಆಮೇಲೆ ನಗುತ್ತ ಕಣ್ಣೊರೆಸಿಕೊಂಡಳು.

ಮುಂಡರಗಿ, ಕರಿಯವ್ವನ ತವರಾದ ಹಿರೇವಡ್ಡಟ್ಟಿ ಕಡೆಯ ತಮ್ಮ ಜನರಲ್ಲಿ ಒಂದು ನಡಾವಳಿ ಇತ್ತು. ಹೆಣ್ಣು ಕೇಳಿದ ಮನೆಯವರು ಪಂಚಮಿಗೆ ರೊಟ್ಟಿ ಕಳಿಸುತ್ತಾರೆ. ಒಪ್ಪಿಗೆ ಇದ್ದರೆ ಹೆಣ್ಣಿನ ಮನೆಯವರು ತಮ್ಮ ರೊಟ್ಟಿ ಕಟ್ಟಿ ಕಳಿಸಬೇಕು. ಇಲ್ಲದಿದ್ದರೆ ಅದೇ ಅರಿವೆಯಲ್ಲಿ ಒಂದು ಹೆಂಟೆ ಬೆಲ್ಲ ಕಟ್ಟಿ ಕಳಿಸಿದರೆ ಸಾಕು. ಬಾಯಿ ಬಿಟ್ಟು ಬೇಡ ಎನ್ನುವ ಕಹಿ ಇಲ್ಲ. ಹಿರಿಯರಿಗೆಲ್ಲ ಗೊತ್ತಿದ್ದ ಮಾತು. ಗಂಟು ಬರುವುದು ಸಂಜೆಗೆ ಎಂದು ತಿಳಿದಿದ್ದ ಸುಮಿತ್ರವ್ವ ಇನ್ನೂ ಯೋಚನೆ ಮಾಡಿ, ಗಂಡನನ್ನು ಕೇಳಿ ಕಳಿಸಬೇಕೆಂದಿದ್ದಳು. ಈಗ ಹುಡುಗಿಯೇ ತನ್ನ ಕೈಯಿಂದ ಕಟ್ಟಿ ಕೊಟ್ಟಳೆಂದು ಮುಂಡರಗಿಯಲ್ಲಿ ಭಾಗ್ಯವ್ವ ಓಣಿಗೆಲ್ಲ ಹೇಳಿಯಾಗಿತ್ತು. ಶ್ರಾವಣದ ಕಡೇ ಸೋಮವಾರ ಸಕ್ಕರೆ ಹಂಚಿ ನಿಶ್ಚಯ ಮಾಡುವುದೆಂದೂ ಗೊತ್ತಾಗಿತ್ತು.

"ಆಯಿ, ನೂರು ಕತಿ ಹೇಳಿದಿ. ಇದೊಂದು ಯಾಕ ಹೇಳಲಿಲ್ಲ?" ಎಂದು ಶಿವಿ ಅಜ್ಜಿಯನ್ನು ಕೇಳಿದಳು.

ಕರಿಯವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. ಇದನ್ನೆಲ್ಲ ಹೇಳಿ ಕೊಡೋದಂತ ನನಗ ಹೊಳೀಲಿಲ್ಲ, ನಮಗೂ ಯಾರೂ ಹೇಳಿರಲಿಲ್ಲ, ಹ್ಯಾಂಗೋ ಗೊತ್ತಿರ್ತಿತ್ತು ಎಂದಳು.

ಮರುದಿನದಿಂದ ಮನೆ ಸಡಗರಕ್ಕೆ ಬಿತ್ತು. ಸುಮಿತ್ರವ್ವ ಟ್ರಂಕು ತೆಗೆದು ಸೀರೆಗಳನ್ನು ಬಿಸಿಲಿಗೆ ಹಾಕಿದಳು. ಉಂಡಿ ಕಟ್ಟಲು ಶೇಂಗಾ ಹುರಿದಳು. ಶಿವಿ ಮೂರನೆಯ ದಿನ ಹಿಟ್ಟು ನಾದುತ್ತಿದ್ದ ಅವ್ವನಿಗೆ ಹೇಳಿದಳು, ಅಂದು ತಿಳಿಯದೆ ಕಟ್ಟಿ ಕೊಟ್ಟೆ, ಫೋನ್ ಮಾಡಿ ಹೇಳು ಎಂದು.

"ಏನಂತ ಹೇಳ್ಲಿ? ತಿಂದ ರೊಟ್ಟಿ ತಿರುಗಿ ಕೊಡ್ರಿ ಅನ್ಲೇನು?"

"ನನಗ ಗೊತ್ತಿರಲಿಲ್ಲಂತ ಹೇಳು."

"ನಿನಗ ಏನ ಗೊತ್ತೈತಿ?" ಸುಮಿತ್ರವ್ವನ ಕೈ ಹಿಟ್ಟಿನಲ್ಲಿ ನಿಂತಿತು. "ಏನ ಆಗಾಕಿ ಅಂದ್ರ ಗೊತ್ತಿಲ್ಲ. ಹುಡುಗ ಬ್ಯಾಡೇನು ಅಂದ್ರ ಗೊತ್ತಿಲ್ಲ. ನಾ ಹದಿನಾರಕ್ಕ ಈ ಮನಿಗೆ ಬಂದೆ ಶಿವಿ. ನೀ ಯಾರು ಅಂತ ನನ್ನ ಯಾರೂ ಕೇಳಲಿಲ್ಲ, ನಾನೂ ಕೇಳ್ಕೊಳ್ಳಲಿಲ್ಲ. ಹಿಟ್ಟು ನಾದಿದೆ, ಹೊಟ್ಟಿ ತುಂಬಿತು. ಆ ಮನ್ಯಾಗ ನಿನಗ ಹೊಗಿ ಇಲ್ಲ, ಗ್ಯಾಸ್ ಐತಿ. ಹುಡುಗ ತಲಿ ತಗ್ಗಿಸಿ ಮಾತಾಡ್ತಾನ. ಇಂಥಾದ್ದು ಇನ್ನೊಮ್ಮೆ ಬರತೈತೇನು? ನಿನಗ ಹೊತ್ತು ಕೊಟ್ರ ಏನ ಹುಡಕ್ತಿ? ಹುಡುಕಿ ಹುಡುಕಿ ಕಡೀಕೆ ಇದ ಹಿಟ್ಟು ಸಿಕ್ರ?"

ಅವ್ವ ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಜನ್ನತಬಿ ಒಲೆಗೆ ಕಟ್ಟಿಗೆ ದೂಡಿ, ತಾಯಿ-ಮಗಳ ನಡುವೆ ಹೊಗೆಯಾಗುವಂತೆ ನೋಡಿಕೊಂಡಳು.

ಆ ವಾರ ಕರಿಯವ್ವನಿಗೆ ಇದ್ದಕ್ಕಿದ್ದಂತೆ ತವರು ನೆನಪಾಯಿತು. ಹಿರೇವಡ್ಡಟ್ಟಿಯಲ್ಲಿ ತಮ್ಮನ ಕಾಲು ನೋವಂತೆ, ಸಕ್ಕರೆ ಹಂಚುವ ಮೊದಲು ನೋಡಿ ಬರಬೇಕು, ಜೊತೆಗೆ ಶಿವಿ ಬರಲಿ ಎಂದಳು. ಸುಮಿತ್ರವ್ವ ಇಲ್ಲ ಎನ್ನಲಿಲ್ಲ. ಗದಗಿನಲ್ಲಿ ನಿಜಲಿಂಗಪ್ಪನೇ ಇಬ್ಬರನ್ನೂ ಬಸ್ಸು ಹತ್ತಿಸಿದ. ಮುಂಡರಗಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಕರಿಯವ್ವ ಹಿರೇವಡ್ಡಟ್ಟಿಯ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ.

"ಅಂಗಡಿ ಯಾವ ಕಡೆ ಐತಿ ಗೊತ್ತೇನು?" ಎಂದಳು.

"ಯಾವ ಅಂಗಡಿ ಆಯಿ?"

"ನೀರಡಿಕಿ ಆಗೈತಿ. ಬೀಜದಂಗಡ್ಯಾಗ ಕುಡಿಯಾಕ ನೀರು ಕೊಡ್ತಾರಿಲ್ಲೋ?"

ಅಂಗಡಿಯಲ್ಲಿ ಗದ್ದಲವಿತ್ತು. ಬೆಳೆಗೆ ಮೇಲುಗೊಬ್ಬರ ಕೊಡುವ ಕಾಲ. ಮೌನೇಶ ಇವರನ್ನು ಕಂಡು ರಸೀದಿ ಪುಸ್ತಕ ಹಿಡಿದುಕೊಂಡೇ ಎದ್ದು ನಿಂತ. ಬರ್ರಿ, ಕುಂಡ್ರಿ ಎಂದು ಕುರ್ಚಿ ಒರೆಸಿದ, ಹೊಳೆಯಪ್ಪನನ್ನು ಚಹಾಕ್ಕೆ ಕಳಿಸಿದ. ಕರಿಯವ್ವ ಕುರ್ಚಿ ಬಿಟ್ಟು ಗೊಬ್ಬರದ ಚೀಲದ ಮೇಲೆ ಕೂತು, ಬೀದಿಯ ಕಡೆ ಮುಖ ಮಾಡಿ, ಕಿವಿ ಕೇಳದವಳ ಹಾಗೆ ಆದಳು.

ಗಿರಾಕಿಗಳು ಕಡಿಮೆಯಾದ ಮೇಲೆ ಶಿವಿ ಹೇಳಿದಳು. ಪಂಚಮಿಯ ದಿನ ಆ ಗಂಟು ಕಟ್ಟಿದ್ದು ನಾನೇ, ಆದರೆ ಅದರ ಅರ್ಥ ನನಗೆ ಗೊತ್ತಿರಲಿಲ್ಲ, ಓಣಿಯವರಿಗೆಲ್ಲ ಕಟ್ಟಿದ ಹಾಗೆ ಕಟ್ಟಿದೆ ಎಂದಳು. ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅಷ್ಟೇ ಇತ್ತು. ಅದು ಮುಗಿಯಿತು.

ಮೌನೇಶ ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿದ. "ನಾಲ್ಕು ರೊಟ್ಟಿ ತಿಂದಿದ್ದೆ ನಾ," ಎಂದ. "ಇರ್ಲಿ. ನನ್ನೊಳಗ ಏನ ಕಡಿಮಿ ಕಾಣ್ತು, ಅದನ್ನಾರ ಹೇಳ್ರಿ."

"ಏನೂ ಕಡಿಮಿ ಇಲ್ರಿ. ಅದ ಕಷ್ಟ ಆಗೈತಿ. ಕಡಿಮಿ ಇದ್ದಿದ್ರ ಫೋನಿನಾಗ ಹೇಳ್ತಿದ್ದೆ."

"ಓದಸ್ತೀವಿ ಅಂತ ಅವ್ವ ಅಂದಾಳಲ್ಲ."

"ಅಂದಾರ್ರಿ. ಓದಸ್ತೀರಿ, ಛಲೋ ನೋಡ್ಕೋತೀರಿ. ನಾನೂ ನಿಮ್ಮ ಮನ್ಯಾಗ ಛಲೋ ಇರ್ತೀನಿ." ಅವಳು ತನ್ನ ಕೈಗಳನ್ನು ಚೂಡಿದಾರದ ವೇಲಿನಲ್ಲಿ ಸುತ್ತಿಕೊಂಡಳು. "ಛಲೋ ಇದ್ದು ಇದ್ದು ನಾ ಏನಿದ್ದೆ ಅಂತ ಕೇಳೋದ ಮರತುಬಿಡ್ತೀನಿ. ರೊಟ್ಟಿ ಬಿಟ್ರ ನನಗ ನನ್ನ ಬಗ್ಗೆ ಇನ್ನೂ ಏನೂ ಗೊತ್ತಿಲ್ರಿ. ಅದನ್ನ ತಿಳ್ಕೊಳ್ಳಾಕ ನನಗ ಹೊತ್ತು ಬೇಕು."

"ಎಷ್ಟು?"

"ಮೂರು ವರ್ಷ ಅಂತ ಅನ್ಕೊಂಡೀನಿ."

ಅವನು ಬಗ್ಗಿ, ಕೆಳಗೆ ಚೆಲ್ಲಿದ್ದ ಒಂದೆರಡು ಹೆಸರುಕಾಳು ಆರಿಸಿ ಮೇಜಿನ ಮೇಲಿಟ್ಟ.

"ನಾ ಕಾಯ್ಲೇನು?"

ಹೂಂ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆ ಒಂದು ಮಾತಿನಿಂದ ಎಲ್ಲವೂ ಉಳಿಯುತ್ತಿತ್ತು. ಅವನ ದನಿ, ಅವ್ವನ ನಗು, ಬಿಸಿಲಿಗೆ ಹಾಕಿದ ಸೀರೆಗಳು. ಹೊರಗೆ ಹಿರೇವಡ್ಡಟ್ಟಿಯ ಬಸ್ಸು ಹಾರ್ನ್ ಹೊಡೆಯಿತು. ಕರಿಯವ್ವ ಅಲುಗಲಿಲ್ಲ.

"ಬ್ಯಾಡ್ರಿ," ಎಂದಳು. "ಕಾಯ್ರಿ ಅಂದ್ರ ಅದೂ ಒಂದು ಗಂಟ ಕಟ್ಟಿ ಕೊಟ್ಟಂಗ. ತಿಳಿಯದ ಕಟ್ಟಿದ್ದು ಒಂದ ಸಾಕು."

ಚಹಾ ಬಂತು. ಮೂವರೂ ಕುಡಿದರು. ಮೌನೇಶ ಇವರನ್ನು ಕಳಿಸಲು ಬೀದಿಯವರೆಗೂ ಬಂದ. ತಾಯಿಗೆ ತಾನೇ ಹೇಳುತ್ತೇನೆಂದ. "ನೀವು ಹೇಳಿದ್ರ ನಮ್ಮವ್ವ ಊರಿಗೆಲ್ಲ ಹೇಳ್ತಾಳ. ನಾ ಹೇಳಿದ್ರ ನನಗಷ್ಟ ಬೈತಾಳ," ಎಂದು ನಗಲು ನೋಡಿದ. ಆ ನಗು ಪೂರ್ತಿಯಾಗಲಿಲ್ಲ. ಶಿವಿಗೆ ಅದು ಬಸ್ಸಿನ ಕಿಟಕಿಯಲ್ಲಿ ಹಿರೇವಡ್ಡಟ್ಟಿಯವರೆಗೂ ಕಂಡಿತು.

ಮನೆಗೆ ಬರುವ ಹೊತ್ತಿಗೆ ಸುದ್ದಿ ಮುಟ್ಟಿತ್ತು. ಸುಮಿತ್ರವ್ವ ಅತ್ತೆಗೆ ನಾಲ್ಕು ಮಾತು ಅಂದಳು, ಕತಿ ಹೇಳಿ ಹೇಳಿ ಹುಡುಗಿಯ ತಲೆ ಕೆಡಿಸಿದಿರಿ ಎಂದಳು. ಕರಿಯವ್ವ ಕೇಳಿಸಿಕೊಳ್ಳುತ್ತ ಅರಿವೆ ಮಡಿಚಿದಳು. ಮಗಳಿಗೆ ಸುಮಿತ್ರವ್ವ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಲೇಸಿತ್ತು. ಹಿಟ್ಟಿನ ಉಂಡೆಯನ್ನು ಮಗಳ ಕೈಗೆ ಕೊಡುವುದು ಬಿಟ್ಟು ಕೆಳಗಿಟ್ಟು ಸರಿಸುವಳು. ತಾಟಿಗೆ ಬಡಿಸುವಳು, ಸಾಕೋ ಬೇಕೋ ಕೇಳುವುದಿಲ್ಲ. ಹುರಿದ ಶೇಂಗಾ ಉಂಡಿಯಾಗದೆ ಹಾಗೇ ಡಬ್ಬಿಯಲ್ಲಿ ಉಳಿಯಿತು. ದಿನಾ ಒಂದು ಮುಷ್ಟಿ ತೆಗೆದು ಚಟ್ನಿಪುಡಿಗೆ ಹಾಕಿದಳು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಿಜಲಿಂಗಪ್ಪ ಬುಟ್ಟಿ ಎತ್ತಿಡುವಾಗ ಮಗಳಿಗೆ ಹೇಳಿದ. "ಗೊತ್ತಿಲ್ಲ ಅನ್ನಾಕ ಮುಂಡರಗಿತನಕ ಹೋಗಿ ಬಂದಿಯಲ್ಲ. ನಾ ಆಗಿದ್ರ ಮನ್ಯಾಗ ಕುಂತು ಗೊತ್ತೈತಿ ಅಂತಿದ್ದೆ." ಆಮೇಲೆ, ಕಾಲೇಜು ಎಂದು ಶುರು ಎಂದು ಕೇಳಿದ.

ಶ್ರಾವಣದ ಕಡೇ ಸೋಮವಾರ ಈ ಮನೆಯಲ್ಲಿ ಬರೀ ಉಪ್ಪಿಟ್ಟು ಆಯಿತು. ಮುಂದಿನ ವಾರ ಖಬರ ಬಂತು, ಮೌನೇಶನಿಗೆ ಲಕ್ಷ್ಮೇಶ್ವರದ ಹುಡುಗಿ ನಿಶ್ಚಯವಾದಳೆಂದು. ಡಿಗ್ರಿ ಮುಗಿದವಳಂತೆ, ಇಪ್ಪತ್ತೆರಡಂತೆ. ಆ ಸುದ್ದಿಯನ್ನು ಸುಮಿತ್ರವ್ವನೇ ಹಿಟ್ಟು ನಾದುತ್ತ ಹೇಳಿದಳು, ಮಗಳಿಗಲ್ಲ, ಜನ್ನತಬಿಗೆ. ಶಿವಿ ಬಡಿಯುತ್ತಲೇ ಇದ್ದಳು. ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವಾಗ ಅದು ನಡುವೆ ಹರಿಯಿತು. ಹನ್ನೊಂದು ವರ್ಷದವಳಿದ್ದಾಗಿನಿಂದ ಅವಳ ಕೈಯಲ್ಲಿ ರೊಟ್ಟಿ ಹರಿದದ್ದಿರಲಿಲ್ಲ. ಜನ್ನತಬಿ ಮುಖ ಎತ್ತಿದಳು. ಸುಮಿತ್ರವ್ವ ಅವಸರದಿಂದ ಎದ್ದು ಬಂದು, ಬೆರಳನ್ನು ನೀರಿನಲ್ಲಿ ಅದ್ದಿ, ಸುಡುವ ಹಂಚಿನ ಮೇಲೆಯೇ ಆ ಸೀಳನ್ನು ಒತ್ತಿ ಕೂಡಿಸಿದಳು.

"ಹಿಟ್ಟು ಹಳೀದು," ಎಂದಳು ಜನ್ನತಬಿಗೆ. "ಗಿರಣ್ಯಾಗ ಮೊನ್ನಿಂದ ಹಳೀ ಜ್ವಾಳ ಕೊಡಾಕತ್ತಾರ."

ಮೇಲೇಳುವಾಗ ಮಗಳ ಭುಜವನ್ನು ಊರಿಕೊಂಡೇ ಎದ್ದಳು. ಕೈ ಅಲ್ಲಿ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಇತ್ತು. "ನಾಳೆ ಕಾಲೇಜಿಗೆ ಬುತ್ತಿ ಏನ ಕಟ್ಲಿ?" ಎಂದು ಕೇಳಿದಳು.

ಈಗ ಶಿವರಂಜನಿ ದಿನಾ ಎಂಟಕ್ಕೆ ಅಪ್ಪನ ಟಂಟಂನಲ್ಲಿ, ರೊಟ್ಟಿಯ ಬುಟ್ಟಿಗಳ ಪಕ್ಕ ಕೂತು ಗದಗಿನ ಬಸ್ ಸ್ಟ್ಯಾಂಡಿಗೆ ಬರುತ್ತಾಳೆ. ಕಾಲೇಜಿನಲ್ಲಿ ಇನ್ನೂ ಏನೂ ಹೊಳೆದಿಲ್ಲ. ಎರಡು ವಿಷಯ ತಲೆಗೆ ಹತ್ತುವುದಿಲ್ಲ, ಒಂದು ತುಸು ಹತ್ತುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಾಗಾವಿಯ ಬಸ್ಸು ನಿಲ್ಲುವಲ್ಲಿಯೇ, ಒಂದು ಮಾರು ಆಚೆಗೆ, ಎಂಟೂಕಾಲರ ಮುಂಡರಗಿ ಬಸ್ಸು ನಿಲ್ಲುತ್ತದೆ. ಅದರ ಕಿಟಕಿಯ ಪಕ್ಕದ ಸೀಟು ಎಷ್ಟೋ ದಿನ ಖಾಲಿ ಇರುತ್ತದೆ. ಅವಳು ಬೋರ್ಡನ್ನು ಪೂರ್ತಿ ಓದುತ್ತಾಳೆ. ಕಂಡಕ್ಟರ್ ಸೀಟಿ ಊದಿ, ಬಸ್ಸು ಹಿಂದಕ್ಕೆ ಸರಿದು, ಮುಂದಕ್ಕೆ ತಿರುಗಿ, ಹೊಗೆ ಬಿಟ್ಟು ಹೊರಟು ಮೂಲೆಯಲ್ಲಿ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ತನ್ನ ಬಸ್ಸು ಹತ್ತುತ್ತಾಳೆ. ಅಷ್ಟು ಹೊತ್ತಿಗೆ ಸೀಟುಗಳು ತುಂಬಿರುತ್ತವೆ. ನಾಗಾವಿಯವರೆಗೂ ನಿಂತೇ ಹೋಗುತ್ತಾಳೆ.